ಕೌದಿಯ ಕೆಳಗಿನ ಸಿಕ್ಸ್ ಪ್ಯಾಕ್

"ಮಮ್ಮಿ, ಪಪ್ಪಾ ಕನ್ನಡಿ ಮುಂದ ನಿಂತಾಗ ಉಸಿರ ಯಾಕ ಬಿಡಂಗಿಲ್ಲ?"

ಐದು ವರ್ಷದ ನೀಲಾ ಹೀಗೆ ಕೇಳಿದಾಗ ಭಾಗ್ಯಶ್ರೀಯ ಕೈಕೆಳಗೆ ಅರ್ಧ ಬಡಿದ ರೊಟ್ಟಿಯಿತ್ತು. ಜೋಳದ ರೊಟ್ಟಿ ಬಡಿಯುವವರಿಗೆ ಗೊತ್ತು, ನಡುವೆ ಕೈ ನಿಂತರೆ ಅಂಚು ಸೀಳುತ್ತದೆ. ಸೀಳಿತು. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಮಲಗುವ ಕೋಣೆಯ ಬಾಗಿಲಿಗೆ ಬಂದು ಇಣುಕಿದಳು.

ತಿಜೋರಿಯ ಕನ್ನಡಿಯ ಮುಂದೆ ಅವಳ ಗಂಡ ಪ್ರಸಾದ ಬರಿಮೈಯಲ್ಲಿ ನಿಂತಿದ್ದ. ಹೊಟ್ಟೆಯನ್ನು ಬೆನ್ನಿನ ಕಡೆಗೆ ಎಳೆದುಕೊಂಡು ಉಸಿರು ಬಿಗಿಹಿಡಿದಿದ್ದ. ಮುಖ ಕೆಂಪೇರಿತ್ತು, ಕಣ್ಣು ಮುಂದೆ ಬಂದಿದ್ದವು. ಬಾವಿಯಲ್ಲಿ ಮುಳುಗಿದವನೊಬ್ಬ ಮೇಲೆ ಬರಲೋ ಬೇಡವೋ ಎಂದು ವಿಚಾರ ಮಾಡುತ್ತಿದ್ದ ಹಾಗೆ ಕಾಣುತ್ತಿದ್ದ. ಇಪ್ಪತ್ತು ಎಣಿಸುವಷ್ಟು ಹೊತ್ತು ಹಾಗೇ ನಿಂತು, ಕಡೆಗೆ ಸೋತು ಉಸಿರು ಬಿಟ್ಟ. ಹೊಟ್ಟೆ, ಪರವೂರಿಗೆ ಹೋಗಿದ್ದ ಯಜಮಾನ ಮನೆಗೆ ಬಂದು ತನ್ನ ಕುರ್ಚಿಯಲ್ಲಿ ಕೂತ ಹಾಗೆ, ತನ್ನ ಜಾಗಕ್ಕೆ ಬಂದು ಕೂತಿತು.

ಹೊಟ್ಟೆ ಎಲ್ಲಿಗೆ ಹೋಗುತ್ತದೆ ಅಂತ ಪಪ್ಪಾ ನೋಡುತ್ತಿದ್ದಾರೆ ಎಂದು ಭಾಗ್ಯಶ್ರೀ ಮಗಳಿಗೆ ಹೇಳಿದಳು. ಎಲ್ಲಿಗೆ ಹೋಗುತ್ತದೆ ಎಂದು ನೀಲಾ ಕೇಳಿದಳು. ಎಲ್ಲಿಗೂ ಹೋಗುವುದಿಲ್ಲ, ಹೋದ ಹಾಗೆ ಮಾಡಿ ತಿರುಗಿ ಬರುತ್ತದೆ ಎಂದು ತಾಯಿ ಹೇಳಿ, ಸೀಳಿದ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದಳು. ಮಧ್ಯಾಹ್ನ ಮಗಳ ಪ್ರಶ್ನೆಯನ್ನು ಇದ್ದ ಹಾಗೆ ಡೈರಿಯಲ್ಲಿ ಬರೆದಿಟ್ಟಳು. ಉತ್ತರ ಬರೆಯಲಿಲ್ಲ. ಉತ್ತರ ಅವಳಿಗೆ ಗೊತ್ತಿತ್ತು, ಅದು ನಗುವಂಥದಾಗಿರಲಿಲ್ಲ.

ಪ್ರಸಾದನಿಗೆ ಮೂವತ್ತೈದು. ನವನಗರದಲ್ಲಿ ಮನೆ, ಅಮರಗೋಳದ ಮಾರುಕಟ್ಟೆಯಲ್ಲಿ ಕಡಲೆ, ಹೆಸರು, ಗೋವಿನಜೋಳದ ದಲಾಲಿ ಅಂಗಡಿ. ಅಂಗಡಿ ಅವನ ತಂದೆ ಗುರುಶಿದ್ದಪ್ಪನವರದು. ಗುರುಶಿದ್ದಪ್ಪನವರ ಬಗ್ಗೆ ಆ ಮಾರುಕಟ್ಟೆಯಲ್ಲಿ ಎರಡು ಸಂಗತಿ ಪ್ರಸಿದ್ಧವಾಗಿದ್ದವು. ಒಂದು, ಅವರ ಹೊಟ್ಟೆ. ಕುರ್ಚಿಯಲ್ಲಿ ಒರಗಿ ಕೂತು ಚಹಾದ ಕಪ್ಪು-ಬಶಿಯನ್ನು ಅದರ ಮೇಲಿಟ್ಟು, ಎರಡೂ ಕೈ ಬಿಟ್ಟು ಮಾತಾಡುತ್ತಿದ್ದರು. ಒಂದು ಹನಿ ಚೆಲ್ಲುತ್ತಿರಲಿಲ್ಲ. ಇನ್ನೊಂದು, ಅವರ ತಕ್ಕಡಿ. ಬಟನ್ ಒತ್ತುವ ಕಾಟಾ ಬಂದ ಮೇಲೂ ಮುಳ್ಳಿನ ತಕ್ಕಡಿಯನ್ನು ಬಿಟ್ಟಿರಲಿಲ್ಲ. ತೂಗುವವರಿಗೆ ಒಂದೇ ಮಾತು ಹೇಳುತ್ತಿದ್ದರು: "ಮುಳ್ಳ ನೋಡು, ಮಾರಿ ನೋಡಬ್ಯಾಡ." ರೈತನ ಮುಖ ನೋಡಿದರೆ ಕರುಣೆ ಬರುತ್ತದೆ, ವ್ಯಾಪಾರಿಯ ಮುಖ ನೋಡಿದರೆ ಭಯ ಬರುತ್ತದೆ, ಎರಡೂ ತೂಕ ಕೆಡಿಸುತ್ತವೆ ಎಂಬುದು ಅವರ ಸಿದ್ಧಾಂತ.

ಕಳೆದ ವರ್ಷ ಒಂದು ಬೆಳಗ್ಗೆ, ಹೆಸರಿನ ಚೀಲ ತೂಗುತ್ತಿದ್ದಾಗ, ಗುರುಶಿದ್ದಪ್ಪನವರು ಸುಸ್ತು ಎಂದು ಚೀಲಕ್ಕೆ ಒರಗಿ ಕೂತರು. ಮತ್ತೆ ಏಳಲಿಲ್ಲ. ಐವತ್ತೇಳು ವರ್ಷ. ಮಣ್ಣಾದ ಮೂರನೆಯ ದಿನ ಶಿರಗುಪ್ಪಿಯಿಂದ ಪ್ರಸಾದನ ಚಿಕ್ಕಮ್ಮ, ಪ್ರಭಾವತಿ ಚಿಗವ್ವ, ಬಂದು ಅವನನ್ನು ತಬ್ಬಿಕೊಂಡು ಅತ್ತಳು. ಅಳುತ್ತ ಅಳುತ್ತ ಒಂದು ಹೆಜ್ಜೆ ಹಿಂದೆ ಸರಿದು ಅವನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ನಿಮ್ಮಪ್ಪ ಎಲ್ಲೂ ಹೋಗಿಲ್ಲ ತಗೋ. ಅವನ ಹೊಟ್ಟಿ ನಿನಗ ಬಿಟ್ಟ ಹೋಗ್ಯಾನ" ಎಂದಳು. ಪಾಪ, ಪ್ರೀತಿಯಿಂದಲೇ ಅಂದದ್ದು. ಪ್ರಸಾದ ಅದನ್ನು ಆಸ್ತಿಪತ್ರ ಓದಿದ ಹಾಗೆ ಕೇಳಿಸಿಕೊಂಡ.

ಒಂಬತ್ತು ತಿಂಗಳಾದ ಮೇಲೆ, ಬಟ್ಟೆ ನೆನೆಹಾಕುವ ಮುನ್ನ ಕಿಸೆ ನೋಡುತ್ತಿದ್ದ ಭಾಗ್ಯಶ್ರೀಗೆ ಗಂಡನ ಅಂಗಿಯಲ್ಲಿ ಡಾಕ್ಟರರ ಚೀಟಿ ಸಿಕ್ಕಿತು. ಅವನು ದವಾಖಾನೆಗೆ ಹೋಗಿದ್ದೇ ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರರ ಅಕ್ಷರದಲ್ಲಿ ಅವಳಿಗೆ ಓದಲು ಬಂದದ್ದು ಎರಡೇ. ಸೊಂಟ ಮೂವತ್ತೊಂಬತ್ತೂವರೆ ಇಂಚು. ಅದರ ಸುತ್ತ ಎರಡು ಸಲ ಗೆರೆ ಎಳೆದಿತ್ತು. ಅದರ ಕೆಳಗೆ ತಂದೆ, ಹೃದಯ, ಐವತ್ತೇಳು. ಅವಳು ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಅವನ ಪಾಕೀಟಿನ ಕೆಳಗೆ ಇಟ್ಟಳು. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಅತ್ತೆಯ ಕಿವಿಗೆ ಬೀಳುತ್ತದೆ. ಗಂಡನನ್ನು ಕಳೆದುಕೊಂಡು ಇನ್ನೂ ವರ್ಷವಾಗದ ಮುರಿಗೆವ್ವನ ಮುಂದೆ ಹೃದಯ ಎಂಬ ಪದವನ್ನೇ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅದೇ ಸಂಜೆ ಊಟಕ್ಕೆ ಕೂತಾಗ ಪ್ರಸಾದ ಘೋಷಣೆ ಮಾಡಿದ. ಅಪ್ಪನ ವರ್ಷದ ಪೂಜೆಗೆ ಇನ್ನು ಹನ್ನೆರಡು ವಾರ. ಅಷ್ಟರಲ್ಲಿ ಅವನು ಸಿಕ್ಸ್ ಪ್ಯಾಕ್ ತೆಗೆಯುವವನು.

ಮುರಿಗೆವ್ವ, ಅದು ಎಲ್ಲಿ ಸಿಗುತ್ತದೆ, ನವನಗರದಲ್ಲೋ ಹುಬ್ಬಳ್ಳಿಗೆ ಹೋಗಬೇಕೋ ಎಂದು ಕೇಳಿದಳು. ನಗಬೇಕಾದ ಜಾಗದಲ್ಲಿ ಭಾಗ್ಯಶ್ರೀ ಎದ್ದು ನೀರಿನ ತಂಬಿಗೆ ತುಂಬಿ ತಂದಳು. ಓಣಿಯವರಿಗೆ ಇದು ಮೂವತ್ತೈದರ ಹುಚ್ಚಾಗಿ ಕಾಣಬಹುದು. ಯಾವನೋ ಪಡ್ಡೆಯನ್ನು ಮೊಬೈಲಿನಲ್ಲಿ ನೋಡಿ ತಲೆ ಕೆಡಿಸಿಕೊಂಡಿದ್ದಾನೆ ಅನ್ನಬಹುದು. ಅವಳಿಗೆ ಗೊತ್ತಿತ್ತು. ಹೆದರಿಕೆ ಎಂದು ಹೇಳಲು ನಾಚುವ ಗಂಡಸು ಅದಕ್ಕೆ ಇಂಗ್ಲಿಷಿನ ಹೆಸರಿಟ್ಟಿದ್ದಾನೆ.

ಮರುದಿನ ಜಿಮ್ಮಿಗೆ ಹೆಸರು ಹಚ್ಚಲು ಅವಳೂ ಜೊತೆಗೆ ಹೋದಳು. ಜಿಮ್ಮಿನ ಹುಲಗೇಶ ಒಳ್ಳೆಯವನು. ಆ ಧಂದೆಗೆ ಬೇಕಾದ್ದಕ್ಕಿಂತ ಒಂದು ತೂಕ ಹೆಚ್ಚೇ ಪ್ರಾಮಾಣಿಕ. ಗೋಡೆಯ ಮೇಲೆ ಎಣ್ಣೆ ಹಚ್ಚಿಕೊಂಡ ಒಬ್ಬ ಭೂಪನ ಚಿತ್ರವಿತ್ತು. ಅವನ ಹೊಟ್ಟೆ ಇಟ್ಟಂಗಿ ಜೋಡಿಸಿದ ಹಾಗಿತ್ತು. ಪ್ರಸಾದ ಅದರತ್ತ ಬೆರಳು ಮಾಡಿ, ಹನ್ನೆರಡು ವಾರದಲ್ಲಿ ಅದು ಬೇಕು ಎಂದ. ಹುಲಗೇಶ ಚಿತ್ರ ನೋಡಿದ, ಪ್ರಸಾದನನ್ನು ನೋಡಿದ, ಕುರ್ಚಿ ಎಳೆದು ಕೂರಿಸಿದ.

"ಅಣ್ಣಾರ, ಸಿಕ್ಸ್ ಪ್ಯಾಕ್ ಹುಟ್ಟಿದಾಗಿಂದ ಎಲ್ಲಾರ ಹೊಟ್ಟ್ಯಾಗೂ ಇರ್ತಾವ್ರಿ. ನೀವು ಅದರ ಮ್ಯಾಲ ಕೌದಿ ಹೊಚ್ಚೀರಿ."

"ಕೌದಿ ತಗ್ಯಾಕ ಎಷ್ಟ ದಿನ ಬೇಕು?"

"ತಗಿಯೂದಲ್ರಿ ಅದು, ಸವಿಸೂದು."

ಆಮೇಲೆ ಅವನು ಬಿಡಿಸಿ ಹೇಳಿದ. ಹೊಟ್ಟೆಯ ಕಸರತ್ತು ಸಾವಿರ ಮಾಡಿದರೂ ಹೊಟ್ಟೆಯ ಕೊಬ್ಬೇ ಮೊದಲು ಕರಗಬೇಕು ಎಂಬ ಕರಾರಿಲ್ಲ. ಎಲ್ಲಿಂದ ಇಳಿಸಬೇಕು ಎನ್ನುವುದು ಶರೀರದ ಮರ್ಜಿ. ಮೂರು ತಿಂಗಳಲ್ಲಿ ಸೊಂಟ ಒಂದೆರಡು ಇಂಚು ಇಳಿದರೆ ಹೂವಿನ ಹಾರ ಹಾಕಬೇಕು. ಉಂಡದ್ದು, ಮಲಗಿದ್ದು, ಭಾರ ಎತ್ತಿದ್ದು ಎಲ್ಲ ಬರೋಬ್ಬರಿ ನಡೆದರೆ ಒಂದು ವರ್ಷವೋ ಎರಡು ವರ್ಷವೋ ಕಳೆದು, ಬೆಳಕು ಓರೆಯಾಗಿ ಬಿದ್ದ ದಿನ, ಮೇಲಿನ ಎರಡು ಕಾಣಬಹುದು. ಕೆಲವರಿಗೆ ಯಾವ ಬೆಳಕಿನಲ್ಲೂ ಕಾಣುವುದಿಲ್ಲ. ಗೋಡೆಯ ಮೇಲಿನ ಭೂಪ ಚಿತ್ರ ತೆಗೆಸಿಕೊಳ್ಳುವ ಮುನ್ನ ಎಷ್ಟು ದಿನ ಸರಿಯಾಗಿ ನೀರೂ ಕುಡಿದಿರಲಿಲ್ಲವೋ ದೇವರಿಗೇ ಗೊತ್ತು. ಕಡೆಗೆ ಹುಲಗೇಶ ತನ್ನ ಅಂಗಿ ಎತ್ತಿ ತೋರಿಸಿದ. ಆರು ವರ್ಷದಿಂದ ಇದೇ ಕೆಲಸ, ನಾಲ್ಕು ಇದ್ದವು. "ಹಬ್ಬ ಬಂತಂದ್ರ ಇವೂ ತವರಿಗೆ ಹೊಕ್ಕಾವ್ರಿ" ಎಂದ.

ಇಷ್ಟರಲ್ಲಿ ಪ್ರಸಾದನ ಕಿವಿಗೆ ಬಿದ್ದದ್ದು ಎರಡು ಮಾತು: 'ಮೂರು ತಿಂಗಳು' ಮತ್ತು 'ಕಾಣಬಹುದು'. (ಗಂಡಸರ ಕಿವಿಯಲ್ಲಿ ಜರಡಿ ಇರುತ್ತದೆ. ಬೇಕಾದ ಕಾಳು ಮೇಲೆ ಉಳಿಯುತ್ತದೆ.) ಅವನು ಬೂಟು ಬದಲಿಸುತ್ತಿದ್ದಾಗ ಭಾಗ್ಯಶ್ರೀ ಹುಲಗೇಶನ ಹತ್ತಿರ ಹೋಗಿ, ಕಾಣುವುದು ಬಿಡಿ, ಎದೆಗೆ ಒಳ್ಳೆಯದಾಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಅವನು ನಗುವುದನ್ನು ನಿಲ್ಲಿಸಿದ.

"ಅದ ಖರೇ ಕೆಲಸ, ಅಕ್ಕಾರ. ಪ್ಯಾಕ್ ಬರಲಿ, ಬಿಡಲಿ. ದಿನಾ ಬರೂದು ಬಿಡಬಾರದು, ತಾಟಿನ ಮ್ಯಾಲ ಕಣ್ಣಿರಬೇಕು."

ತಾಟಿನ ಮೇಲೆ ಕಣ್ಣು ಇತ್ತು. ಆದರೆ ಅದು ಮುರಿಗೆವ್ವನ ಕಣ್ಣು.

ಗುರುಶಿದ್ದಪ್ಪನವರು ಹೋದ ಮೇಲೆ ಮುರಿಗೆವ್ವ ಅಡುಗೆಯ ಅಳತೆಯನ್ನು ಕಡಿಮೆ ಮಾಡಿರಲಿಲ್ಲ. ನಲವತ್ತು ವರ್ಷದ ರೂಢಿ, ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಕೈ ತಾನಾಗಿಯೇ ಅಷ್ಟು ತೆಗೆಯುತ್ತಿತ್ತು. ಹೋದವರ ಪಾಲಿನ ಎರಡು ರೊಟ್ಟಿ, ಒಂಬತ್ತು ತಿಂಗಳಿಂದ, ಮಾತಿಲ್ಲದೆ ಮಗನ ತಾಟಿಗೆ ಬೀಳುತ್ತಿದ್ದವು. ಮಗ ಅವನ್ನು ಮಾತಿಲ್ಲದೆ ಉಣ್ಣುತ್ತಿದ್ದ. ಬೇಡ ಎಂದರೆ ಆ ಎರಡು ರೊಟ್ಟಿ ಬುಟ್ಟಿಯಲ್ಲಿ ಉಳಿಯುತ್ತವೆ. ಉಳಿದ ರೊಟ್ಟಿಯನ್ನು ತಾಯಿ ನೋಡುತ್ತಾಳೆ. ಭಾಗ್ಯಶ್ರೀ ಒಂದೆರಡು ಸಲ ಹಿಟ್ಟು ತಾನೇ ತೆಗೆಯಲು ಹೋದಳು. ಮುರಿಗೆವ್ವ ಡಬ್ಬಿಯನ್ನು ಕೊಡಲಿಲ್ಲ.

ಅದು ಸಾಲದ್ದಕ್ಕೆ ಜಿಮ್ಮಿನ ಐದನೆಯ ದಿನ ಪ್ರಸಾದ ಸೊಂಟ ಹಿಡಿದುಕೊಂಡು ಬಂದ. ಮೊಣಕೈ ಊರಿ ಹಲಗೆಯ ಹಾಗೆ ಮಲಗುವ ಕಸರತ್ತು ಮಾಡಿಸಿದ್ದರು. ಅಡುಗೆಮನೆಯಲ್ಲಿ ಕೂತು, ಹೊಟ್ಟೆ ಒಳಗೆ ಹೋಗಬೇಕು, ಸೊಂಟ ಗಟ್ಟಿಯಾಗಬೇಕು, ಅದಕ್ಕೇ ಇಷ್ಟೆಲ್ಲ ಎಂದು ತಾಯಿಗೆ ವಿವರಿಸಿದ. ಮುರಿಗೆವ್ವನ ಮುಖ ಬೆಳಗಿತು. ಎಷ್ಟೋ ತಿಂಗಳ ಮೇಲೆ ಅವಳಿಗೆ ತಿಳಿಯುವ ಕೆಲಸವೊಂದು ಮನೆಯಲ್ಲಿ ಹುಟ್ಟಿತ್ತು. ಹೊಟ್ಟೆ ಒಳಗೆ ಹೋಗಬೇಕು, ಸೊಂಟ ಗಟ್ಟಿಯಾಗಬೇಕು ಎಂದರೆ ಬಾಣಂತನ. ಅದನ್ನು ಅವಳಿಗೆ ಜಿಮ್ಮಿನವರು ಹೇಳಿಕೊಡಬೇಕೇ?

ಆ ಸಂಜೆಯೇ ಅಂಟು ಹುರಿಯುವ ವಾಸನೆ ಓಣಿಯ ತನಕ ಬಂತು. ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ತುಪ್ಪ ಸೇರಿಸಿ ಮುಷ್ಟಿಗಾತ್ರದ ಅಂಟಿನ ಉಂಡಿಗಳನ್ನು ಒಂದು ಹಿತ್ತಾಳೆ ಡಬ್ಬಿಯ ತುಂಬ ಕಟ್ಟಿದಳು. ಹಡೆದವಳಿಗೆ ಹಾಕುವ ಉಂಡಿ. ಬೆಳಗ್ಗೆ ಒಂದು, ಸಂಜೆ ಒಂದು, ಮೇಲೆ ಒಂದು ಲೋಟ ಹಾಲು. ಅಷ್ಟಕ್ಕೇ ಬಿಡಲಿಲ್ಲ. ಟ್ರಂಕಿನ ಅಡಿಯಿಂದ ಒಂದು ಉದ್ದನೆಯ ಬಟ್ಟೆ ಬಂತು. ಹಳೆಯ ಇಲಕಲ್ಲ ಸೀರೆ ಹರಿದು ಮಾಡಿದ ಪಟ್ಟಿ. ಐದು ವರ್ಷದ ಹಿಂದೆ ನೀಲಾ ಹುಟ್ಟಿ, ಆಪರೇಶನ್ ಹೊಲಿಗೆ ಮಾಗಿದ ಮೇಲೆ, ಇದೇ ಪಟ್ಟಿಯನ್ನು ಭಾಗ್ಯಶ್ರೀಯ ಹೊಟ್ಟೆಗೆ ಸುತ್ತಿ, ಮೊಣಕಾಲು ಊರಿ ಬಿಗಿದಿದ್ದಳು ಇದೇ ಮುರಿಗೆವ್ವ. ಈಗ ಮಗನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಸುತ್ತಿದಳು. ಅವನು ಗಿರಗಿರನೆ ತಿರುಗಿ ತಿರುಗಿ ಕಟ್ಟಿಸಿಕೊಂಡ.

(ಭಾಗ್ಯಶ್ರೀಯ ಹೊಟ್ಟೆಯೂ ಆ ಪಟ್ಟಿಗೆ ಮಾತು ಕೊಟ್ಟ ಹಾಗೆ ಒಳಗೆ ಹೋಗಿರಲಿಲ್ಲ. ಆದರೆ ಅದರಿಂದ ಪ್ಯಾಕುಗಳನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅದು ತನ್ನ ಪಾಡಿಗೆ ತಾನಿತ್ತು.)

ಅಳತೆಯ ದಿನ ರವಿವಾರ. ಹೊಲಿಗೆ ಮಶೀನಿನ ಡ್ರಾಯರಿನಿಂದ ಭಾಗ್ಯಶ್ರೀ ಟೇಪು ತರುವುದು, ಪ್ರಸಾದ ಕನ್ನಡಿಯ ಮುಂದೆ ಕೈ ಎತ್ತಿ ಉಸಿರು ಹಿಡಿದು ನಿಲ್ಲುವುದು, ಅವಳು ಅಳೆದು ಡೈರಿಯಲ್ಲಿ ಬರೆಯುವುದು. ಆ ಡೈರಿ ಅಂಗಡಿಯಿಂದ ದೀಪಾವಳಿಗೆ ಗಿರಾಕಿಗಳಿಗೆ ಹಂಚಿ ಉಳಿದದ್ದು. ಗ್ಯಾಸ್ ಹಚ್ಚಿದ ತಾರೀಖು, ನೀಲಾಳ ಜ್ವರ, ಹಾಲಿನವನು ಬಾರದ ದಿನ, ಇವುಗಳ ನಡುವೆ ಗಂಡನ ಸೊಂಟಕ್ಕೂ ಒಂದು ಸಾಲು ಸಿಕ್ಕಿತು. ಮೊದಲ ವಾರ ಮೂವತ್ತೊಂಬತ್ತೂವರೆ. ಎರಡನೆಯ ವಾರ ಮೂವತ್ತೊಂಬತ್ತೂವರೆ. ಪ್ರಸಾದ ಅಂದು ಮಧ್ಯಾಹ್ನ ನೀಲಾ ಕರೆದರೂ ಆಟಕ್ಕೆ ಬರಲಿಲ್ಲ.

ಮೂರನೆಯ ವಾರ ಟೇಪು ಕಾಲು ಇಂಚು ಮೇಲೆ ತೋರಿಸಿತು. ಉಂಡಿಗಳು ತಮ್ಮ ಕೆಲಸ ಮಾಡಿದ್ದವು.

"ಎಷ್ಟ ಬಂತು?"

ದವಾಖಾನೆಯಲ್ಲಿ ಬಾಗಿಲು ತೆರೆದು ಹೊರಗೆ ಬಂದ ಡಾಕ್ಟರರನ್ನು ಕೇಳುವ ದನಿ ಅದು. ಭಾಗ್ಯಶ್ರೀ ಕನ್ನಡಿಯಲ್ಲಿ ಅವನ ಮುಖ ನೋಡಿದಳು. ನೋಡಬಾರದಿತ್ತು.

"ಮೂವತ್ತೊಂಬತ್ತ" ಎಂದಳು. "ಅರ್ಧಾ ಇಂಚ ಇಳದೈತ್ರಿ."

ಅವನು ಉಸಿರು ಬಿಟ್ಟ. ಅಂದು ನೀಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಿದ. ಅಪ್ಪ ಹೋದ ಮೇಲೆ ಅವನು ಮಗಳನ್ನು ಹೆಗಲಿಗೆ ಏರಿಸಿದ್ದು ಅದೇ ಮೊದಲು. ಒಂದು ಸುಳ್ಳಿಗೆ ಇಷ್ಟು ಸಿಗುವುದಾದರೆ ಯಾವ ಹೆಂಗಸು ಬಿಟ್ಟಾಳು? ಆದರೆ ಸುಳ್ಳಿನ ಸ್ವಭಾವ ಹಸುಗೂಸಿನ ಹಾಗೆ, ವಾರವಾರ ಬೆಳೆಯಲೇಬೇಕು. ಮುಂದಿನ ರವಿವಾರ ಮೂವತ್ತೆಂಟೂವರೆ, ಅದರ ಮುಂದಿನದು ಮೂವತ್ತೆಂಟು. ಹತ್ತು ರವಿವಾರ ಕಳೆಯುವಷ್ಟರಲ್ಲಿ ಡೈರಿಯಲ್ಲಿ ಪ್ರಸಾದನ ಸೊಂಟ ಮೂವತ್ತೈದೂವರೆಗೆ ಇಳಿದು ಕಾಲೇಜು ಹುಡುಗನದಾಗಿತ್ತು. ಅವನ ಮೈಮೇಲೆ ಮಾತ್ರ ಡಾಕ್ಟರರು ಗೆರೆ ಎಳೆದ ಜಾಗದಲ್ಲೇ ಇತ್ತು. ಇಷ್ಟರ ನಡುವೆ ಅವನು ಸಂಜೆಯ ಉಂಡಿಯನ್ನು ಎರಡು ಮಾಡಿಕೊಂಡಿದ್ದ. ಜಿಮ್ಮು ವಾರಕ್ಕೆ ಆರು ದಿನ ಇದ್ದದ್ದು ಮೂರಾಯಿತು. ಭಾಗ್ಯಶ್ರೀಗೆ ಈಗ ಹೆದರಿಕೆಯಾಯಿತು. ಧೈರ್ಯಕ್ಕೆಂದು ಕೊಟ್ಟ ಔಷಧ ರೋಗವನ್ನೇ ಸಾಕುತ್ತಿತ್ತು. ಬರುವ ರವಿವಾರ ಖರೆ ಹೇಳಿಬಿಡುವುದು ಎಂದು ಡೈರಿಯಲ್ಲಿ ಬರೆದಳು. ಹಿಂದಿನ ಎರಡು ವಾರವೂ ಅದನ್ನೇ ಬರೆದಿದ್ದಳು.

ಅಷ್ಟರಲ್ಲಿ ಅಮ್ಮಿನಬಾವಿಯಿಂದ ಅವಳ ತಂದೆ ಫಕೀರಪ್ಪನ ಫೋನು ಬಂತು. ವರ್ಷದ ಪೂಜೆಯ ದಿನ ಅಳಿಯನಿಗೆ ಆಯೇರಿ ಮಾಡಬೇಕು. ಹೆಣ್ಣು ಕೊಟ್ಟ ಮನೆಯವರು ಹೊಸ ಬಟ್ಟೆ ಉಡಿಸಿ, ದುಃಖದ ವರ್ಷ ಮುಗಿಯಿತು ಎಂದು ಹೇಳುವ ಪದ್ಧತಿ. ಆಯೇರಿ ಬಟ್ಟೆಗೆ ಅಳಿಯ ತಾನೇ ಹೋಗಿ ಅಳತೆ ಕೊಡುವುದು ಬೇಡಿ ತಗೊಂಡ ಹಾಗಾಗುತ್ತದೆ ಎಂಬುದು ಫಕೀರಪ್ಪನ ಮತ. ಅದಕ್ಕೇ ತಾನೇ ಪ್ಯಾಂಟಿನ ಅರಿವೆ ತಗೊಂಡು ಕಮರಿಪೇಟೆಯಲ್ಲಿ ಗೌಸಮೊದ್ದೀನ ಮಾಸ್ತರನ ಅಂಗಡಿಯಲ್ಲಿ ಕೂತಿದ್ದ. ಗುರುಶಿದ್ದಪ್ಪನವರ ಮನೆಯ ಬಟ್ಟೆಗಳೆಲ್ಲ ಹೊಲಿಯುವುದು ಆ ಮಾಸ್ತರನೇ. ಅಳಿಯಂದಿರ ಸೊಂಟದ ಅಳತೆ ಎಷ್ಟು ಎಂದು ಫಕೀರಪ್ಪ ಕೇಳಿದ. ಫೋನಿನ ಸ್ಪೀಕರ್ ಹಾಕಿತ್ತು. ಪ್ರಸಾದ ಮಂಚದ ಮೇಲೆ ಕೂತಿದ್ದ.

"ಡೈರಿ ನೋಡಿ ಹೇಳು, ಭಾಗ್ಯಾ" ಎಂದ. "ಅಂದಾಜಿಲೆ ಹೇಳಬ್ಯಾಡ."

ಅವಳು ಪುಟ ತೆರೆದಳು. ಬರೆದದ್ದು ಕಣ್ಣ ಮುಂದಿತ್ತು, ಬರೆಯದ್ದು ಎದುರಿಗೆ ಕೂತಿತ್ತು. ಮೂವತ್ತೈದೂವರೆ ಎಂದು ಓದಿದಳು. ಆ ಕಡೆ ಫಕೀರಪ್ಪ ಮಾಸ್ತರನಿಗೆ ಮಶೀನು ನಿಲ್ಲಿಸಲು ಹೇಳಿದ್ದು ಕೇಳಿಸಿತು. ಆಮೇಲೆ ಫಕೀರಪ್ಪ, "ಯವ್ವಾ, ನಾ ಅಳಿಯಂದ್ರದ ಕೇಳೇನಿ. ನಿಂದಲ್ಲ" ಎಂದ. ಅವರದೇ ಅಪ್ಪಾಜಿ ಎಂದು ಹೇಳಿ ಅವಳು ಫೋನು ಇಟ್ಟಳು. ಪ್ರಸಾದ ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಲಿ ನೋಡುವಂಥದು ಏನೂ ಇರಲಿಲ್ಲ.

ಮಂಗಳವಾರ ನೀಲಾಳನ್ನು ಶಾಲೆಗೆ ಬಿಟ್ಟು, ಕೊತ್ತಂಬರಿ ತರುವ ನೆವ ಹೇಳಿ (ನವನಗರದಲ್ಲಿ ಕೊತ್ತಂಬರಿ ಸಿಗುವುದಿಲ್ಲವೆಂಬಂತೆ), ಭಾಗ್ಯಶ್ರೀ ಬಸ್ಸು ಹತ್ತಿ ಕಮರಿಪೇಟೆಗೆ ಹೋದಳು. ಗೌಸಮೊದ್ದೀನ ಮಾಸ್ತರ ಮೂಗಿನ ತುದಿಯ ಚಸ್ಮದ ಮೇಲಿಂದ ಅವಳನ್ನು ನೋಡಿದ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರ ಮುಂದೆ ಗಂಡನ ಸೊಂಟ ಮೂವತ್ತೊಂಬತ್ತೂವರೆ ಎಂದು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಆಗಲಿಲ್ಲ. ಹತ್ತಿರ ಬಾಗಿ, ನೀವು ಪುಸ್ತಕದಲ್ಲಿ ಬರೆದುಕೊಂಡದ್ದಕ್ಕೆ ನಾಲ್ಕು ಇಂಚು ಕೂಡಿಸಿರಿ, ಯಾರಿಗೂ ಹೇಳಬೇಡಿರಿ ಎಂದಳು. ಮಾಸ್ತರ ಪುಸ್ತಕ ತೆಗೆದ. ಅದರಲ್ಲಿದ್ದ ಸಾಲನ್ನು ನೋಡಿದ, ಅವಳನ್ನು ನೋಡಿದ, ಬಾಯಿ ತೆರೆದ, ಮುಚ್ಚಿದ. ನಲವತ್ತು ವರ್ಷ ಊರಿನವರ ಹೊಟ್ಟೆ ಅಳೆದವನು. ಗುಟ್ಟು ಕಾಯದಿದ್ದರೆ ಅಂಗಡಿ ಎಂದೋ ಮುಚ್ಚಬೇಕಾಗುತ್ತಿತ್ತು.

"ನಾಕ ಅಂದ್ರ ನಾಕ, ತಂಗಿ. ಈ ಕತ್ತರಿಗೂ ಹೇಳಂಗಿಲ್ಲ" ಎಂದು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಬರೆದ.

ವರ್ಷದ ಪೂಜೆಯ ದಿನ ಬೆಳಗ್ಗೆ ಅಪ್ಪನ ಸಮಾಧಿಯ ಗದ್ದುಗೆಗೆ ಹೋಗಿ ಬಂದರು. ಪೂಜೆಗೆ ಬಂದ ಜಂಗಮ ಅಯ್ಯನವರ ಪಾದಪೂಜೆ ಆಯಿತು. ಪಡಸಾಲೆಯಲ್ಲಿ ಗುರುಶಿದ್ದಪ್ಪನವರ ಫೋಟೋ; ಎದೆಯ ತನಕ ಮಾತ್ರ ಇದ್ದದ್ದರಿಂದ ಯಾರೋ ಬಡಕಲು ಮನುಷ್ಯನ ಫೋಟೋದ ಹಾಗೆ ಕಾಣುತ್ತಿತ್ತು. ಅವರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮಧ್ಯಾಹ್ನ ಫಕೀರಪ್ಪ ತಟ್ಟೆಯಲ್ಲಿ ಬಟ್ಟೆ ಇಟ್ಟು ಕೊಟ್ಟ. ಪ್ರಸಾದ ಉಟ್ಟು ಬರಲು ಒಳಗೆ ಹೋದ. ಪೂಜೆಯ ದಿನ, ಚರ್ಮದ ಬೆಲ್ಟು ಆ ಮನೆಯಲ್ಲಿ ನಡೆಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಭಾಗ್ಯಶ್ರೀಯನ್ನು ಕರೆದ. ಹೋಗಿ ನೋಡಿದರೆ ಪ್ಯಾಂಟಿನ ಮುಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹೊಟ್ಟೆಗೂ ಪ್ಯಾಂಟಿಗೂ ನಡುವೆ ಒಂದು ಅಂಟಿನ ಉಂಡಿ ಇಳಿಬಿಡುವಷ್ಟು ಜಾಗವಿತ್ತು. ತಾಯಿಯ ಹಿಂದೆಯೇ ನುಗ್ಗಿ ಬಂದ ನೀಲಾ ಒಳಗೆ ಇಣುಕಿ, "ಪಪ್ಪಾ, ನಾನೂ ಇದರಾಗ ಬರಲೇನು?" ಎಂದಳು.

ಗಂಡ ಹೆಂಡಿರು ಒಬ್ಬರನ್ನೊಬ್ಬರು ನೋಡಿದರು.

"ಕಮರಿಪೇಟಿಗೆ ನೀನೂ ಹೋಗಿದ್ದೇನು?" ಎಂದು ಪ್ರಸಾದ ಕೇಳಿದ.

ಆ 'ನೀನೂ' ಭಾಗ್ಯಶ್ರೀಯ ತಲೆಯಲ್ಲಿ ಇಳಿಯಲು ಒಂದು ಗಳಿಗೆ ಬೇಕಾಯಿತು. ಅವಳ ನಾಲ್ಕು ಇಂಚು, ಅವನ ನಾಲ್ಕು ಇಂಚು. ಗೌಸಮೊದ್ದೀನ ಮಾಸ್ತರ ಇಬ್ಬರಿಗೂ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ. ಅಂದರೆ ಡೈರಿಯ ಸುಳ್ಳು ಗಂಡನಿಗೆ ಗೊತ್ತಿತ್ತು. ಎಂದಿನಿಂದ? ಕೇಳಲು ಹೊತ್ತಿರಲಿಲ್ಲ, ಹೊರಗೆ ಎಲ್ಲರೂ ಕೂಗುತ್ತಿದ್ದರು. ಅವಳು ಗೂಟಕ್ಕೆ ಹಾಕಿದ್ದ ಬಾಣಂತಿ ಪಟ್ಟಿಯನ್ನು ತೆಗೆದು ಪ್ಯಾಂಟಿನ ಮೇಲೆ ಸುತ್ತಿ ಬಿಗಿದು, ಅಂಗಿಯನ್ನು ಮೇಲೆ ಇಳಿಬಿಟ್ಟು ಹೊರಗೆ ಕಳಿಸಿದಳು.

ಅಯ್ಯನವರಿಗೆ ನಮಸ್ಕಾರ ಮಾಡಿ ಏಳುವಾಗ ಪಟ್ಟಿ ಸಡಿಲಾಯಿತು. ಪ್ರಸಾದ ಒಂದು ಮುಷ್ಟಿ ಪ್ಯಾಂಟನ್ನು ಹಿಂದಿನಿಂದ ಹಿಡಿದುಕೊಂಡ. ಪ್ರಭಾವತಿ ಚಿಗವ್ವ ಅದನ್ನು ಕಂಡಳು. ಎದ್ದು ಬಂದು ಆ ಮುಷ್ಟಿಯನ್ನು ಬಿಡಿಸಿ, ಮಿಕ್ಕ ಅರಿವೆಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಪಡಸಾಲೆಗೆಲ್ಲ ತೋರಿಸಿದಳು. ಗೌಸಮೊದ್ದೀನ ಮಾಸ್ತರ ಅಳತೆ ತಪ್ಪುವವನಲ್ಲ ಎಂಬುದು ಆ ಕುಲಕ್ಕೆಲ್ಲ ಗೊತ್ತು. ಹಾಗಾದರೆ ಹಳೆಯ ಅಳತೆಗೆ ಹೊಲಿದಿದ್ದಾನೆ, ಇಳಿದದ್ದು ಹುಡುಗ.

"ಒಂದ ವರ್ಷದಾಗ ಇಷ್ಟ ಇಳದಾನಲ್ಲ ನಮ್ಮ ಹುಡುಗ. ಅಪ್ಪ ಹೋದ ಚಿಂತಿ ಒಂದು, ಮನ್ಯಾಗ ಉಣಸವರಿಲ್ಲದ್ದ ಒಂದು."

ಪಡಸಾಲೆ ತಿರುಗಿ ಭಾಗ್ಯಶ್ರೀಯನ್ನು ನೋಡಿತು. ಹೊಟ್ಟೆ ಅಂಗಿಯ ಕೆಳಗೆ ದುಂಡಗೆ ಕೂತಿತ್ತು. ಆದರೆ ಕೈಯಲ್ಲಿ ಹಿಡಿದ ಅರಿವೆಯ ಮುಂದೆ ಕಣ್ಣಿನ ಸಾಕ್ಷಿಗೆ ಬೆಲೆ ಇರಲಿಲ್ಲ. ಒಬ್ಬಾಕೆ ಅವನ ಕೆನ್ನೆ ಸವರಿ ಎಲುಬು ಹುಡುಕಿದಳು. ಇನ್ನೊಬ್ಬಾಕೆ ಈಗಿನ ಸೊಸೆಯರ ಕುಕ್ಕರಿನ ಬಗ್ಗೆ ಮಾತಾಡಿದಳು. ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಾನು ಎರಡು ರೊಟ್ಟಿ ಹೆಚ್ಚಿಗೆ ಹಾಕಿದರೂ ಮೈಗೆ ಹತ್ತಲಿಲ್ಲ ಎಂದಳು. ಫಕೀರಪ್ಪ ತಲೆ ತಗ್ಗಿಸಿ ಕೂತಿದ್ದ. ಮಗಳು ಹೇಳಿದ ಅಳತೆ ಅವನಿಗೆ ನೆನಪಿತ್ತು, ಈಗ ಅದು ಖರೆಯೇ ಆಗಿತ್ತೆಂದು ತೋರಿ, ಅಮ್ಮಿನಬಾವಿಯ ಮಾನ ಹೋಯಿತಲ್ಲ ಎಂದು ಮಗಳತ್ತ ಒಮ್ಮೆ ನೋಡಿದ. ಭಾಗ್ಯಶ್ರೀಯ ಬಾಯಿಯಲ್ಲಿ ಒಂದು ಸಂಖ್ಯೆ ಇತ್ತು. ಅದನ್ನು ಹೇಳಿದರೆ ಅವಳು ಉಳಿಯುತ್ತಿದ್ದಳು. ಆದರೆ ಕಳೆದ ವರ್ಷ ಇದೇ ಪಡಸಾಲೆಯಲ್ಲಿ ಪ್ರಭಾವತಿ ಚಿಗವ್ವ ಆಡಿದ ಮಾತು ಮತ್ತೆ ಎದ್ದು ಕೂರುತ್ತಿತ್ತು. ಅವಳು ಸಂಖ್ಯೆಯನ್ನು ನುಂಗಿದಳು. ಅಂದು ಆ ಮನೆಯಲ್ಲಿ ಅವಳು ನುಂಗಿದ್ದು ಅದೊಂದೇ. ಪ್ರಸಾದನನ್ನು ನಡುವೆ ಕೂರಿಸಿ, ಎರಡೂ ಕಡೆಯವರು ಸೇರಿ, ತುಪ್ಪ ಸುರಿದು ಐದು ಹೋಳಿಗೆ ಉಣಿಸಿದರು. ಅವನು ಸಜೆ ಅನುಭವಿಸುವವನ ಹಾಗೆ ಒಂದೊಂದನ್ನೂ ಉಂಡ.

ಐದು ಗಂಟೆಗೆ ಮನೆ ಬರಿದಾಯಿತು. ಮುರಿಗೆವ್ವ ನೀಲಾಳನ್ನು ಕರೆದುಕೊಂಡು, ನೆಂಟರನ್ನು ಬಸ್ಸಿಗೆ ಹತ್ತಿಸಲು ಹೋದಳು. ಪ್ರಸಾದ ಮಂಚದ ಅಂಚಿನಲ್ಲಿ ಕೂತು ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಪಕ್ಕಕ್ಕೆ ಹಾಕುತ್ತಿದ್ದ. ಪಶ್ಚಿಮದ ಬಿಸಿಲು ಕೋಣೆಯಲ್ಲಿ ಓರೆಯಾಗಿ ಬಿದ್ದಿತ್ತು. ಹುಲಗೇಶ ಹೇಳಿದ ಬೆಳಕು ಅದೇ. ಕಾಣುವಂಥದು ಏನೂ ಕಾಣಲಿಲ್ಲ.

"ಯಾವಾಗ ಗೊತ್ತಾತ್ರಿ?" ಎಂದು ಭಾಗ್ಯಶ್ರೀ ಕೇಳಿದಳು.

"ಐದನೇ ವಾರ. ಹಮಾಲ ಚೀಲಾ ಎತ್ತಿದ ಕೂಡಲೇ ತೂಕ ಹೇಳತಾನ. ನನ್ನ ಹೊಟ್ಟಿ ನಾ ಹೊತ್ತ ತಿರಗತೇನಿ, ನನಗ ಗೊತ್ತಾಗಂಗಿಲ್ಲೇನು? ಬೆಲ್ಟಿನ ತೂತ ಅಲ್ಲೇ ಐತಿ."

"ಮತ್ತ ಯಾಕ ಹೇಳಲಿಲ್ಲ?"

ಅವನು ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಯಾರರ ಒಬ್ಬರು ಇಳದೈತಿ ಅನ್ನಬೇಕಾಗಿತ್ತು. ನೀ ಅಂತಿದ್ದಿ. ಆಮ್ಯಾಲ ಹೆಂಗೂ ಇಳಿಯಂಗಿಲ್ಲ ಅಂತ ಇನ್ನೊಂದ ಉಂಡಿ ತಿಂತಿದ್ದೆ."

ಭಾಗ್ಯಶ್ರೀ ಅವನ ಪಕ್ಕದಲ್ಲಿ ಕೂತಳು. ಡಾಕ್ಟರರ ಚೀಟಿಯನ್ನು ಮೂರು ತಿಂಗಳ ಹಿಂದೆಯೇ ನೋಡಿದ್ದೇನೆ ಎಂದಳು. ಸಿಕ್ಸ್ ಪ್ಯಾಕ್ ನಿಮಗೆ ಬೇಕಾಗಿರಲಿಲ್ಲ ಎಂಬುದೂ ಗೊತ್ತು ಎಂದಳು. ಅವನು ಬೆರಳಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚಿದ.

"ಅಪ್ಪಗ ಐವತ್ತೇಳ" ಎಂದ. "ನನಗ ಮೂವತ್ತೈದ. ನನಗ ಐವತ್ತೇಳ ಆದಾಗ ನೀಲಾಗ ಎಷ್ಟಾಗತಾವ ಅಂತ ಕನ್ನಡಿ ಮುಂದ ನಿಂತಾಗೊಮ್ಮೆ ಎಣಸತಿದ್ದೆ."

ಅವನು ಉಸಿರು ಹಿಡಿದು ಎಣಿಸುತ್ತಿದ್ದದ್ದು ಅದನ್ನೇ. ಭಾಗ್ಯಶ್ರೀ ಇಷ್ಟು ದಿನ ಇಪ್ಪತ್ತರ ತನಕ ಎಣಿಸುತ್ತಾನೆ ಎಂದುಕೊಂಡಿದ್ದಳು. ಇಪ್ಪತ್ತೇಳರ ತನಕ.

ನಾಳೆಯಿಂದ ಹಿಟ್ಟಿನ ಡಬ್ಬಿ ತನ್ನ ಕೈಯಲ್ಲಿ ಎಂದು ಅವಳು ಹೇಳಿದಳು. ಬುಟ್ಟಿಯಲ್ಲಿ ಎರಡು ರೊಟ್ಟಿ ಉಳಿದರೆ ಅವ್ವ ನೋಡುತ್ತಾಳೆ ಎಂದು ಅವನು ಹೇಳಿದ. ಉಳಿಯುವ ಹಾಗೆ ಬಡಿದರೆ ತಾನೆ ಉಳಿಯುವುದು ಎಂದಳು. ಅತ್ತೆ ಒಂದು ದಿನ ಅಳುತ್ತಾರೆ, ಇವತ್ತು ಬೈಸಿಕೊಂಡವಳಿಗೆ ಅದೂ ದೊಡ್ಡದಲ್ಲ ಎಂದಳು. ಅವನಿಗೆ ಸಣ್ಣ ನಗು ಬಂತು. ನಕ್ಕಾಗ ಹೊಟ್ಟೆಯೂ ಅಲುಗಿತು, ಥೇಟು ಬಶಿ ಇಡುವವರ ಹೊಟ್ಟೆಯ ಹಾಗೆ. ಇಬ್ಬರೂ ಅದನ್ನು ನೋಡಿ ನಗು ನಿಲ್ಲಿಸಿದರು.

ಆಮೇಲೆ ಪ್ರಸಾದ ಎದ್ದು ನಿಂತು ಅಂಗಿ ತೆಗೆದ. ಕನ್ನಡಿಗೆ ಬೆನ್ನು ಮಾಡಿದ. ಎರಡೂ ಕೈ ಮೇಲೆತ್ತಿ, ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಹೊಟ್ಟೆಯನ್ನು ಅದರ ಇಷ್ಟಕ್ಕೆ ಬಿಟ್ಟ.

"ಭಾಗ್ಯಾ, ಒಂದ ಕೆಲಸ ಮಾಡಿಕೊಡು. ಟೇಪ ತಗೊಂಡ ಬಾ. ಐದ ಹೋಳಗಿ ಸೈತ ಹಿಡದು ಇದ್ದದ್ದ ಇದ್ದಂಗ ಬರಿ. ಮುಳ್ಳ ನೋಡು, ಮಾರಿ ನೋಡಬ್ಯಾಡ."